ಕೊಳ್ಳುವ ಮುನ್ನ ಮೂಸಿ ನೋಡಲು: ಸುಗಂಧ ಪರೀಕ್ಷಿಸುವ ಸಾಧನವನ್ನು ರೂಪಿಸುವ ಸಮಗ್ರ ಮಾರ್ಗದರ್ಶಿ

ಅತ್ತರಿನ ಅಂಗಡಿಯಲ್ಲಿ ಗಾಜಿನ ಕಡ್ಡಿಯಿಂದ ಮುಂಗೈಗೆ ಒಂದು ಹನಿ ಸವರಿ ತೋರಿಸುವುದು ಹಳೆಯ ವಾಡಿಕೆ. ಮಾಲ್‌ಗಳಲ್ಲಿ ಟೆಸ್ಟರ್ ಬಾಟಲಿಯಿಂದ ಕಾಗದದ ಪಟ್ಟಿಗೆ ಸಿಂಪಡಿಸಿ ಕೈಗೆ ಕೊಡುತ್ತಾರೆ. ಮೊದಲ ಎರಡು ಮಾದರಿಗಳವರೆಗೆ ಎರಡೂ ಕ್ರಮಗಳು ಚೆನ್ನಾಗಿಯೇ ನಡೆಯುತ್ತವೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಕೈಯ ಮೇಲೆ, ಗಾಳಿಯಲ್ಲಿ, ಕೌಂಟರಿನ ಗಾಜಿನ ಮೇಲೆ ಹಿಂದಿನ ಪರಿಮಳಗಳೆಲ್ಲ ಉಳಿದುಕೊಂಡಿರುತ್ತವೆ, ಮೂಗೂ ದಣಿದಿರುತ್ತದೆ; ಆಗ ಗಿರಾಕಿ ಮೂಸುತ್ತಿರುವುದು ನಾಲ್ಕನೆಯ ಸೆಂಟನ್ನೋ, ನಾಲ್ಕರ ಮಿಶ್ರಣವನ್ನೋ ಎಂದು ಹೇಳುವುದು ಅಂಗಡಿಯವರಿಗೂ ಸಾಧ್ಯವಿಲ್ಲ. ಎರಡು, ಮೂರು ಸಾವಿರ ರೂಪಾಯಿ ಕೊಟ್ಟು ಕೊಂಡ ಬಾಟಲಿ ಮನೆಗೆ ಬಂದ ಮೇಲೆ ಬೇರೆಯೇ ವಾಸನೆ ಕೊಡುವುದಕ್ಕೆ ಇದೇ ದೊಡ್ಡ ಕಾರಣ.

ಆದ್ದರಿಂದ ಇಂಥ ಸಾಧನವನ್ನು ರೂಪಿಸಲು ಹೊರಟವರು ಮೊದಲಿಗೇ ಮನಗಾಣಬೇಕಾದ ಸಂಗತಿಯೆಂದರೆ, ಪರಿಮಳವನ್ನು ಮೂಗಿಗೆ ತಲುಪಿಸುವ ಕೆಲಸ ಸುಲಭ, ತಲುಪಿಸಿದ ಪರಿಮಳವನ್ನು ಅಲ್ಲಿಂದ ತೆಗೆದುಹಾಕುವ ಕೆಲಸವೇ ಕಷ್ಟ. ಕೆಳಗಿನ ವಿನ್ಯಾಸದ ಬಹುತೇಕ ತೀರ್ಮಾನಗಳು ಈ ಎರಡನೆಯ ಕೆಲಸಕ್ಕಾಗಿಯೇ ಮಾಡಿದವು.

ಸಾಧನವು ಉತ್ತರಿಸಬೇಕಾದ ಪ್ರಶ್ನೆ

ಒಂದು ಸುಗಂಧವು ನಿಮ್ಮ ಚರ್ಮದ ಮೇಲೆ ಸಂಜೆಯವರೆಗೆ ಹೇಗಿರುತ್ತದೆ ಎಂಬ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡಲಾರದು. ಚರ್ಮದ ಎಣ್ಣೆಯಂಶ, ಬಿಸುಪು, ಬೆವರು ಇವೆಲ್ಲ ಆ ಲೆಕ್ಕದಲ್ಲಿ ಸೇರುತ್ತವೆ. ಯಂತ್ರ ಮಾಡಬಹುದಾದದ್ದು ಆರಿಸುವ ಕೆಲಸ: ಆರು ಸುಗಂಧಗಳ ನಡುವೆ ಚರ್ಮದ ಮೇಲೆ ಹಾಕಿ ನೋಡಲು ಯೋಗ್ಯವಾದ ಒಂದೆರಡನ್ನು ಕೆಲವೇ ನಿಮಿಷಗಳಲ್ಲಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ, ಗಿರಾಕಿಯೇ ಗುರುತಿಸುವಂತೆ ಮಾಡುವುದು. ಈ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡರೆ ಮುಂದೆ ಅನಾವಶ್ಯಕ ಸೌಕರ್ಯಗಳನ್ನು ಸೇರಿಸುವ ಆಸೆಗೆ ತಡೆ ಬೀಳುತ್ತದೆ.

ಇದರ ಜೊತೆಗೆ ಸುಗಂಧದ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಚ್ಚಿದ ಕೂಡಲೇ ಎದ್ದು ಬರುವ ನಿಂಬೆ, ಕಿತ್ತಳೆಯಂಥ ಹಗುರ ಘಮ ಸುಮಾರು ಕಾಲು ಗಂಟೆಯಲ್ಲಿ ಹಾರಿಹೋಗುತ್ತದೆ. ಮಲ್ಲಿಗೆ, ಗುಲಾಬಿಯಂಥ ಹೂವಿನ ಪದರ ಕೆಲವು ಗಂಟೆ ನಿಲ್ಲುತ್ತದೆ. ಶ್ರೀಗಂಧ, ಲಾವಂಚದಂಥ ತಳದ ಘಮ ದಿನವಿಡೀ ಉಳಿಯಬಲ್ಲದು. ಕಿತ್ತಳೆ ಸಿಪ್ಪೆಯ ಲಿಮೊನೀನ್ 176 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಶ್ರೀಗಂಧದ ಸ್ಯಾಂಟಲಾಲ್ ಕುದಿಯಲು ಸುಮಾರು 300 ಡಿಗ್ರಿ ಬೇಕು. ಒಂದೇ ಊದಿನಲ್ಲಿ ಎರಡನ್ನೂ ಸರಿಯಾಗಿ ತೋರಿಸಲು ಬಾರದು. ಅಂಗಡಿಯಲ್ಲಿ ಗಿರಾಕಿಯ ಮೂಗಿಗೆ ಬೀಳುವುದು ಹೆಚ್ಚಾಗಿ ಮೊದಲ ಪದರ. ಅವರು ಹಣ ಕೊಡುವುದು ಮಾತ್ರ ಕೊನೆಯ ಪದರದೊಡನೆ ದಿನ ಕಳೆಯುವುದಕ್ಕೆ. ಹೀಗಾಗಿ ಪ್ರತಿ ಸುಗಂಧಕ್ಕೂ ಎರಡು ಮಾದರಿಗಳನ್ನು ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ: ಒಂದು ‘ಈಗ’, ಇನ್ನೊಂದು ‘ಆರು ಗಂಟೆಯ ನಂತರ’. ಕಾಗದದ ಪಟ್ಟಿ ಅಂಗಡಿಯಲ್ಲಿ ನಿಂತ ಗಿರಾಕಿಗೆ ಮಾಡಿಕೊಡಲಾಗದ ಉಪಕಾರ ಇದು.

ಸಿಂಪಡಿಸುವುದೋ, ಕಾಯಿಸುವುದೋ, ಗಾಳಿ ಹಾಯಿಸುವುದೋ

ಪರಿಮಳವನ್ನು ಗಾಳಿಗೆ ಸೇರಿಸಲು ಮೂರು ದಾರಿಗಳಿವೆ. ಮೊದಲನೆಯದು ಪೆಟ್ಟಿಗೆಯೊಳಗೆ ಸಿಂಪಡಿಸುವುದು. ನೋಡಲು ಸಹಜವೆನಿಸುವ ಈ ದಾರಿಯಲ್ಲಿ ಒಂದು ಅಪಾಯ ಅಡಗಿದೆ. ಸಾಮಾನ್ಯ ಪರ್ಫ್ಯೂಮ್‌ನಲ್ಲಿ ನೂರಕ್ಕೆ ಎಂಬತ್ತರಷ್ಟು ಇಥೆನಾಲ್ ಇದೆಯೆಂದು ಇಟ್ಟುಕೊಂಡರೆ, 0.1 ಮಿಲಿಲೀಟರ್‌ನ ಒಂದು ಸಿಂಪಡಣೆಯಲ್ಲಿ ಸುಮಾರು 0.063 ಗ್ರಾಂ ಇಥೆನಾಲ್ ಇರುತ್ತದೆ. ಅದು ಪೂರ್ತಿ ಆವಿಯಾದಾಗ ಸುಮಾರು 33 ಮಿಲಿಲೀಟರ್ ಜಾಗ ಹಿಡಿಯುತ್ತದೆ. ಮುಚ್ಚಿದ ಒಂದು ಲೀಟರ್ ಪೆಟ್ಟಿಗೆಯಲ್ಲಿ ಅದು ಶೇ 3.3. ಗಾಳಿಯಲ್ಲಿ ಇಥೆನಾಲ್ ಆವಿಯು ಹೊತ್ತಿಕೊಳ್ಳಬಲ್ಲ ಕನಿಷ್ಠ ಪ್ರಮಾಣವೂ ಶೇ 3.3. ಅಂದರೆ ಒಂದೇ ಒಂದು ಸಿಂಪಡಣೆ ಪುಟ್ಟ ಪೆಟ್ಟಿಗೆಯನ್ನು ಬೆಂಕಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಒಳಗೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಇದ್ದು ಕಿಡಿ ಹಾರಿದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹನಿಗಳು ಗೋಡೆಗೆ ಅಂಟಿಕೊಂಡು ದಿನಗಟ್ಟಲೆ ವಾಸನೆ ಬಿಡುವುದು ಇದರ ಇನ್ನೊಂದು ತೊಂದರೆ. ಕಂಪನದಿಂದ ಮಂಜೆಬ್ಬಿಸುವ ಅಲ್ಟ್ರಾಸಾನಿಕ್ ಬಿಲ್ಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು ಕಾಯಿಸುವುದು. ಶಾಖವು ಘಟಕಗಳ ಅನುಪಾತವನ್ನೇ ಬದಲಿಸುವುದರಿಂದ ಅದನ್ನು ಕೈಬಿಡುವುದು ಒಳ್ಳೆಯದು.

ಮೂರನೆಯದು, ಸುಗಂಧವನ್ನು ಹೀರಿಕೊಂಡ ಒಣ ಮೇಲ್ಮೈಯ ಮೇಲೆ ಶುದ್ಧ ಗಾಳಿಯನ್ನು ಹಾಯಿಸುವುದು. ಇದು ಹೊಸದೇನಲ್ಲ. ಮೂಗಿನ ಶಕ್ತಿಯನ್ನು ಅಳೆಯಲು ಡಚ್ ವಿಜ್ಞಾನಿ ಹೆಂಡ್ರಿಕ್ ಜ್ವಾರ್ಡೆಮೇಕರ್ 1888ರಲ್ಲಿ ರೂಪಿಸಿದ ಉಪಕರಣದಲ್ಲಿ ವಾಸನೆ ತುಂಬಿದ ಕೊಳವೆಯೊಂದು ಗಾಜಿನ ನಳಿಕೆಯ ಮೇಲೆ ಹಿಂದೆ ಮುಂದೆ ಜಾರುತ್ತಿತ್ತು. ಹೊರಗೆ ತೆರೆದುಕೊಂಡ ಉದ್ದ ಹೆಚ್ಚಾದಷ್ಟೂ ಉಸಿರಿನೊಡನೆ ಬರುವ ವಾಸನೆ ಗಾಢವಾಗುತ್ತಿತ್ತು. ದ್ರವ ಹಾರುವುದಿಲ್ಲ, ಹನಿ ಅಂಟುವುದಿಲ್ಲ, ಶಾಖ ಬೇಕಿಲ್ಲ. ಈ ಮಾರ್ಗದರ್ಶಿ ಮೂರನೆಯ ದಾರಿಯನ್ನೇ ಹಿಡಿಯುತ್ತದೆ.

ವಿದ್ಯುತ್ತಿಲ್ಲದ ಮೊದಲ ಮಾದರಿ

ವಾಲ್ವು, ಪಂಪು ಕೊಳ್ಳುವ ಮೊದಲು ಕೈಯಿಂದ ಒತ್ತುವ ಮಾದರಿಯೊಂದನ್ನು ಮಾಡಿಕೊಳ್ಳಬೇಕು. ಎರಡೂ ತುದಿ ತೆರೆದಿರುವ, ಹೆಬ್ಬೆರಳು ಗಾತ್ರದ ಗಾಜಿನ ಕೊಳವೆಯೊಳಗೆ ಸುಗಂಧ ಹಾಕಿದ ಕಾಗದದ ಪಟ್ಟಿಯನ್ನು ಸುರುಳಿ ಸುತ್ತಿ ಇಡಿ. ಒಂದು ತುದಿಗೆ ಕ್ಯಾಮೆರಾ ಲೆನ್ಸಿನ ಧೂಳು ಊದುವ ರಬ್ಬರ್ ಬಲ್ಬನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಾಜಿನ ಲೋಟದ ತಳಕ್ಕೆ ಇಳಿಸಿ, ಬಲ್ಬನ್ನು ನಾಲ್ಕೈದು ಬಾರಿ ಒತ್ತಿ ಲೋಟವನ್ನು ಮೂಸಿ. ಇದೇ ಸುಗಂಧವನ್ನು ಹಾಕಿದ ಪಟ್ಟಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರೆ ವಾಸನೆಯ ಗಾಢತೆ ಸಾಕೇ, ಯಾವ ಪದರ ಕಾಣೆಯಾಗಿದೆ ಎಂಬುದು ಬೇಗ ತಿಳಿಯುತ್ತದೆ. ಆಮೇಲೆ ಅದೇ ಲೋಟದಲ್ಲಿ ಇನ್ನೊಂದು ಸುಗಂಧವನ್ನು ಊದಿ ನೋಡಿ. ಮೊದಲನೆಯದು ಎಷ್ಟು ಹೊತ್ತು ಅಲ್ಲೇ ಕುಳಿತಿರುತ್ತದೆ ಎಂಬುದನ್ನು ಮೂಗು ಸ್ವತಃ ಅನುಭವಿಸಿದ ಮೇಲೆ, ಮುಂದೆ ಬರುವ ಗಾಳಿಯ ಲೆಕ್ಕಾಚಾರವನ್ನು ಯಾರೂ ಬೇಕಾಬಿಟ್ಟಿ ಮಾಡುವುದಿಲ್ಲ.

ಗಂಧದ ಕೊಳವೆ

ಸಾಧನದ ಜೀವ ಇರುವುದು ಈ ಪುಟ್ಟ ಕೊಳವೆಯಲ್ಲಿ. ಸುಮಾರು ಹತ್ತು ಮಿಲಿಲೀಟರ್ ಹಿಡಿಯುವ ಬೊರೊಸಿಲಿಕೇಟ್ ಗಾಜು ಉತ್ತಮ; ಬೆಳಕಿನಿಂದ ಸುಗಂಧ ಕೆಡುವುದರಿಂದ ಕಂದು ಗಾಜು ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ತುದಿಗಳಿಗೆ ಟೆಫ್ಲಾನ್ ಬಿರಡೆ ಇರಲಿ. ಅಕ್ರಿಲಿಕ್ ಹಾಳೆ ನೋಡಲು ಅಂದವಾದರೂ ಆಲ್ಕೋಹಾಲ್ ತಗಲಿದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಸಿಲಿಕೋನ್, ಪಿವಿಸಿ, ಸಾಧಾರಣ ರಬ್ಬರ್ ಇವು ಪರಿಮಳವನ್ನು ಕುಡಿದು ನಿಧಾನವಾಗಿ ಕಾರುತ್ತವೆ.

ಒಳಗೆ ತುಂಬಬೇಕಾದದ್ದು ಯಾವುದು ಎಂಬಲ್ಲಿ ತಯಾರಕರಿಗೂ ಚಿಲ್ಲರೆ ಅಂಗಡಿಯವರಿಗೂ ದಾರಿ ಬೇರೆ ಬೇರೆ. ತಯಾರಕರ ಬಳಿ ಆಲ್ಕೋಹಾಲ್ ಬೆರೆಸುವ ಮುಂಚಿನ ಮೂಲ ಮಿಶ್ರಣ, ಅಂದರೆ ಅಗರಬತ್ತಿ ಮತ್ತು ಸಾಬೂನು ಉದ್ಯಮದವರು ‘ಕಾಂಪೌಂಡ್’ ಎಂದು ಕರೆಯುವುದು, ಇದ್ದೇ ಇರುತ್ತದೆ. ಅದರ 0.3 ಮಿಲಿಲೀಟರನ್ನು ಹೀರುಕಾಗದದ ಸುರುಳಿಗೆ ಹನಿಸಿದರೆ ಇಥೆನಾಲ್‌ನ ಗೊಡವೆಯೇ ಇಲ್ಲ. ಅತ್ತರಿಗೂ ಇದೇ ಕ್ರಮ ಸಾಕು, ಅದು ಮೊದಲೇ ಎಣ್ಣೆಯ ರೂಪದಲ್ಲಿರುತ್ತದೆ. ಬಾಟಲಿಯಲ್ಲಿ ಮಾರುವ ಸಿದ್ಧ ಪರ್ಫ್ಯೂಮ್ ಮಾತ್ರ ಕೈಗೆ ಸಿಗುವ ಅಂಗಡಿಯವರು ಕಾಗದಕ್ಕೆ ಹಾಕಿ, ಎರಡು ಮೂರು ನಿಮಿಷ ತೆರೆದ ಗಾಳಿಯಲ್ಲಿ ಬಿಟ್ಟು, ಆಲ್ಕೋಹಾಲ್‌ನ ಘಾಟು ಇಳಿದ ಮೇಲೆ ಕೊಳವೆಗೆ ಸೇರಿಸಬೇಕು. ಹಗುರ ಘಮದ ಒಂದು ಪಾಲು ಇದರಲ್ಲಿ ನಷ್ಟವಾಗುತ್ತದೆ; ಪಟ್ಟಿಯನ್ನು ಬೀಸಿ ಮೂಸುವವರಿಗೂ ಆಗುವ ನಷ್ಟವೇ ಅದು.

‘ಆರು ಗಂಟೆಯ ನಂತರ’ ಕೊಳವೆಗೆ ಬೇಕಾದ ಕಾಗದವನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ, ಸಾಧ್ಯವಾದರೆ ಚರ್ಮದ ಮೇಲ್ಮೈಯಷ್ಟೇ ಅಂದರೆ 32 ಡಿಗ್ರಿ ಬಿಸುಪಿನಲ್ಲಿ, ಆರು ಗಂಟೆ ತೆರೆದಿಟ್ಟು ಅನಂತರ ಮುಚ್ಚಬೇಕು. ಮೈಸೂರು ಸಂಸ್ಥಾನವು 1916ರಲ್ಲಿ ಸರ್ಕಾರಿ ಮಟ್ಟದಲ್ಲಿ ಗಂಧದೆಣ್ಣೆ ಇಳಿಸಲು ಆರಂಭಿಸುವುದಕ್ಕೂ ಮೊದಲಿನಿಂದಲೇ ನಮ್ಮವರಿಗೆ ಪರಿಚಿತವಾದ ಶ್ರೀಗಂಧದ ಘಮ ನಿಜವಾಗಿ ಬಿಡಿಸಿಕೊಳ್ಳುವುದು ಈ ಎರಡನೆಯ ಕೊಳವೆಯಲ್ಲಿ. ಮೊದಲನೆಯದರಲ್ಲಿ ಕಿತ್ತಳೆಯೋ ಏಲಕ್ಕಿಯೋ ಅದನ್ನು ಮುಚ್ಚಿಬಿಟ್ಟಿರುತ್ತದೆ.

ಒಂದು ಕೊಳವೆ ಎಷ್ಟು ಊದುಗಳಿಗೆ ಬಾಳುತ್ತದೆ ಎಂಬುದನ್ನೂ ಅಂದಾಜು ಮಾಡಬಹುದು. 25 ಡಿಗ್ರಿಯಲ್ಲಿ ಒಂದು ಲೀಟರ್ ಗಾಳಿ ಹೆಚ್ಚೆಂದರೆ ಸುಮಾರು 14 ಮಿಲಿಗ್ರಾಂ ಶುದ್ಧ ಲಿಮೊನೀನನ್ನು ಹೊರಬಲ್ಲದು. ಕಾಂಪೌಂಡ್‌ನಲ್ಲಿ ಹತ್ತನೇ ಒಂದು ಪಾಲು ಲಿಮೊನೀನ್ ಇದ್ದರೆ, 200 ಮಿಲಿಲೀಟರ್‌ನ ಪ್ರತಿ ಊದೂ ಸುಮಾರು 0.3 ಮಿಲಿಗ್ರಾಂ ಒಯ್ಯುತ್ತದೆ. ಕೊಳವೆಯಲ್ಲಿರುವುದು ಒಟ್ಟು 27 ಮಿಲಿಗ್ರಾಂನಷ್ಟು. ಮೂವತ್ತು ಊದುಗಳಾಗುವಷ್ಟರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕಿತ್ತಳೆ ಹೋಗಿರುತ್ತದೆ, ಶ್ರೀಗಂಧ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಅಲ್ಲಿಗೆ ಗಿರಾಕಿಗೆ ತೋರಿಸುತ್ತಿರುವುದು ಬೇರೊಂದು ಸುಗಂಧ. ಇದು ಗರಿಷ್ಠ ನಷ್ಟದ ಲೆಕ್ಕವಾದರೂ, ‘ಈಗ’ ಕೊಳವೆಯನ್ನು ಮೂವತ್ತು ಊದುಗಳಿಗೆ ಬದಲಿಸುವ ನಿಯಮವನ್ನು ವಿನ್ಯಾಸದಲ್ಲೇ ಸೇರಿಸಿಬಿಡಬೇಕು.

ಗಾಳಿಯ ಹಾದಿ

ಗಾಳಿ ಸಾಗಬೇಕಾದ ಕ್ರಮ ಹೀಗಿದೆ: ಮೊದಲು ವಾಸನೆ ಹೀರುವ ಸಕ್ರಿಯ ಇದ್ದಿಲಿನ ಸೋಸುಕ, ಅಲ್ಲಿಂದ ಪಂಪು, ಅಲ್ಲಿಂದ ಹಂಚುವ ಕವಲು, ಪ್ರತಿ ಕವಲಿಗೂ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವು, ಅದರ ಮುಂದೆ ಗಂಧದ ಕೊಳವೆ, ಕೊಳವೆಯ ಮುಂದೆ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ಪುಟ್ಟ ಚೆಕ್ ವಾಲ್ವು, ಕೊನೆಗೆ ಮೂಸುವ ಬಟ್ಟಲು. ಪಂಪು ಯಾವಾಗಲೂ ಕೊಳವೆಯ ಹಿಂದೆಯೇ ಇರಬೇಕು. ಮುಂದೆ ಇಟ್ಟು ಎಳೆಸಿದರೆ ಪಂಪಿನ ರಬ್ಬರ್ ಪೊರೆ ಎಲ್ಲ ಸುಗಂಧಗಳನ್ನೂ ಕುಡಿದು, ಒಂದೇ ವಾರದಲ್ಲಿ ಯಾವುದನ್ನು ಊದಿದರೂ ಒಂದೇ ಬಗೆಯ ಗೊಂದಲದ ವಾಸನೆ ಬರುತ್ತದೆ.

ಕೊಳವೆಯಿಂದ ಬಟ್ಟಲಿನವರೆಗೆ ಪ್ರತಿ ಸುಗಂಧಕ್ಕೂ ಅದರದೇ ನಳಿಕೆ ಇರಬೇಕೆಂಬುದು ಈ ವಿನ್ಯಾಸದ ಮುಖ್ಯ ಕಟ್ಟಳೆ. ಎಲ್ಲ ಕೊಳವೆಗಳನ್ನೂ ತಿರುಗುವ ಚಕ್ರದಲ್ಲಿ ಕೂರಿಸಿ ಒಂದೇ ಕಿಂಡಿಯಿಂದ ಊದುವ ಯೋಚನೆ ಎಲ್ಲರಿಗೂ ಹೊಳೆಯುತ್ತದೆ; ವಾಲ್ವುಗಳ ಖರ್ಚೂ ಉಳಿಯುತ್ತದೆ. ಆದರೆ ಉಜ್ಜಿಕೊಂಡು ತಿರುಗುವ ಮುಖದ ಮೇಲೆ ಒಂದರ ಎಣ್ಣೆ ಇನ್ನೊಂದಕ್ಕೆ ಬಳಿದುಕೊಳ್ಳುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ನಳಿಕೆಗಳು ಪ್ರತ್ಯೇಕವಾದಾಗ ಇನ್ನೊಂದು ಲಾಭವೂ ಇದೆ: ಮಲ್ಲಿಗೆಯ ಹಾದಿಯ ಚೆಕ್ ವಾಲ್ವು ಮಲ್ಲಿಗೆಯನ್ನೇ ಕುಡಿದರೆ ಯಾವ ಹಾನಿಯೂ ಇಲ್ಲ. ಎಲ್ಲ ಸುಗಂಧಗಳೂ ಮುಟ್ಟುವ ಭಾಗಗಳಿಗೆ, ಅಂದರೆ ಬಟ್ಟಲಿಗೆ ಮತ್ತು ಅದರ ಸುತ್ತಲಿನ ಬಳೆಗೆ, ಗಾಜು ಮತ್ತು ಸ್ಟೇನ್‌ಲೆಸ್ ಸ್ಟೀಲ್ ಮಾತ್ರ. ಹಣವನ್ನು ಖರ್ಚು ಮಾಡಬೇಕಾದದ್ದು ಅಲ್ಲಿ.

ಆರು ಸುಗಂಧಗಳಿಗೆ ಎರಡೆರಡರಂತೆ ಹನ್ನೆರಡು ಕವಲುಗಳಾದವು. ಹದಿಮೂರನೆಯ ಕವಲು ಖಾಲಿ ಇರಲಿ. ಅದರ ಕೊಳವೆಯಲ್ಲಿ ಏನನ್ನೂ ಹಾಕದ ಕಾಗದ ಮಾತ್ರ. ಬಟ್ಟಲನ್ನು ತೊಳೆಯುವ ಶುದ್ಧ ಗಾಳಿ ಬರುವುದು ಇಲ್ಲಿಂದ, ಸಾಧನ ಕೊಳೆಯಾಗಿದೆಯೇ ಎಂದು ಪತ್ತೆ ಹಚ್ಚುವುದೂ ಇದರಿಂದಲೇ. ಮೊದಲ ನಿರ್ಮಾಣದಲ್ಲಿ ಎರಡು ಸುಗಂಧ, ಐದು ಕವಲು ಸಾಕು.

ಗಾಳಿಯ ವೇಗವನ್ನು ಮೂಗಿನ ಲೆಕ್ಕದಿಂದ ಹಿಡಿಯಬೇಕು. ನಾವು ಸಹಜವಾಗಿ ಒಮ್ಮೆ ಮೂಸುವುದು ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ, ಒಳಗೆ ಹೋಗುವ ಗಾಳಿ ಸುಮಾರು 200 ಮಿಲಿಲೀಟರ್. ನಿಮಿಷಕ್ಕೆ ಒಂದು ಲೀಟರ್ ಕೊಡುವ ಪಂಪು ಅಷ್ಟು ಹೊತ್ತಿನಲ್ಲಿ ತಳ್ಳುವುದು ಎಂಟು ಮಿಲಿಲೀಟರ್ ಮಾತ್ರ. ಉಳಿದದ್ದೆಲ್ಲ ಅಂಗಡಿಯ ಗಾಳಿಯೇ. ಮೂಗಿನ ಮುಂದೆ ನಳಿಕೆ ಹಿಡಿದು ಊದುವ ಸಾಧನಗಳಲ್ಲಿ ವಾಸನೆ ತೆಳುವಾಗಿ ಬರುವ ಕಾರಣ ಇದೇ. ಹಾಗಾಗಿ 200 ಮಿಲಿಲೀಟರ್‌ನ ಗಾಜಿನ ಬಟ್ಟಲನ್ನು ಮೊದಲು ತುಂಬಿಸಿ, ಅನಂತರ ಮೂಸಲು ಹೇಳಬೇಕು. ನಿಮಿಷಕ್ಕೆ ಮೂರು ಲೀಟರ್ ಕೊಡುವ 12 ವೋಲ್ಟಿನ ಪೊರೆ ಪಂಪು ಅಷ್ಟನ್ನು ನಾಲ್ಕು ಸೆಕೆಂಡಿನಲ್ಲಿ ತಳ್ಳುತ್ತದೆ. ನಳಿಕೆ ಟೆಫ್ಲಾನಿನದಾಗಿರಲಿ, ಒಳವ್ಯಾಸ 4 ಮಿಲಿಮೀಟರ್ ಸಾಕು. ಅಂಥ ಹತ್ತು ಸೆಂಟಿಮೀಟರ್ ಉದ್ದದಲ್ಲಿ ನಿಲ್ಲುವ ಗಾಳಿ ಒಂದೂಕಾಲು ಮಿಲಿಲೀಟರ್ ಮಾತ್ರವಾದ್ದರಿಂದ ವಿಳಂಬವೆನ್ನುವುದು ಇಲ್ಲ.

ಬಟ್ಟಲನ್ನು ಖಾಲಿ ಮಾಡುವುದು

ಮೂಸಿದ ಮೇಲೆ ಬಟ್ಟಲಿನಲ್ಲಿ ಉಳಿದ ಪರಿಮಳ ಎಲ್ಲಿಗೆ ಹೋಗಬೇಕು? ಅಂಗಡಿಯೊಳಗಂತೂ ಹೋಗಬಾರದು. ಬಟ್ಟಲಿನ ಅಂಚಿನ ಸುತ್ತ ಸ್ಟೀಲ್ ಬಳೆಯೊಂದನ್ನು ಕೂರಿಸಿ, ಅದರ ಸೀಳಿನಿಂದ ಗಾಳಿಯನ್ನು ಕೆಳಕ್ಕೆ ಎಳೆದು 200ರಿಂದ 300 ಗ್ರಾಂ ಇದ್ದಿಲಿನ ಹಾಸಿನ ಮೂಲಕ ಹೊರಬಿಡುವ ಫ್ಯಾನನ್ನು ಇಡಬೇಕು. ಇದ್ದಿಲಿನ ತಡೆಯನ್ನು ದಾಟಿಯೂ ನಿಮಿಷಕ್ಕೆ 50 ಲೀಟರ್ ಎಳೆಯುವಂತಿರಬೇಕು. ಪುಟ್ಟ ಕಂಪ್ಯೂಟರ್ ಫ್ಯಾನುಗಳ ಪೊಟ್ಟಣದ ಮೇಲೆ ಬರೆದ ಅಂಕಿ ತಡೆಯಿಲ್ಲದ ಗಾಳಿಯದು ಎಂಬುದನ್ನು ನೆನಪಿಟ್ಟು, ಕೊಳ್ಳುವಾಗ ಬೇಕಾದ 50 ಲೀಟರಿನ ಮೂರು ಪಟ್ಟಿನದನ್ನು ಕೊಳ್ಳುವುದು ಲೇಸು. ಬ್ರಷ್ ಇಲ್ಲದ ಫ್ಯಾನೇ ಆಗಬೇಕು, ಕಿಡಿಯ ಭಯ ಇರಬಾರದು.

ಬಟ್ಟಲು ತುಂಬುವಾಗ ಮತ್ತು ಗಿರಾಕಿ ಮೂಸುವಾಗ ಫ್ಯಾನು ನಿಧಾನವಾಗಿ ತಿರುಗಿ ಅಂಚಿನಿಂದ ತುಳುಕಿದ್ದನ್ನು ಮಾತ್ರ ಹಿಡಿಯಬೇಕು. ಮೂಸಿದ ಬಳಿಕ ಪೂರ್ತಿ ವೇಗಕ್ಕೆ ಏರಬೇಕು. ನಿಧಾನವೆಂದರೂ ನಿಮಿಷಕ್ಕೆ 15 ಲೀಟರ್‌ಗಿಂತ ಕೆಳಗಿಳಿಸಬಾರದು. ಸಿದ್ಧ ಪರ್ಫ್ಯೂಮ್ ಬಳಸಿದ ಕೊಳವೆಯಲ್ಲಿ ಆಲ್ಕೋಹಾಲ್ ಉಳಿದಿದ್ದು, ಕೋಣೆಯ ಬಿಸುಪಿನಲ್ಲಿ ಅದು ಗಾಳಿಯನ್ನು ತುಂಬಬಲ್ಲ ಗರಿಷ್ಠ ಪ್ರಮಾಣವಾದ ಶೇ 7.8ಕ್ಕೆ ಮುಟ್ಟಿದರೂ, ಮೂರು ಲೀಟರ್ ಹೋಗಿ ಹದಿನೈದರಲ್ಲಿ ಬೆರೆತಾಗ ಅದು ಶೇ 1.6ಕ್ಕೆ ಇಳಿಯುತ್ತದೆ, ಹೊತ್ತಿಕೊಳ್ಳುವ ಮಿತಿಯ ಅರ್ಧಕ್ಕಿಂತ ಕಡಿಮೆ.

ಖಾಲಿ ಕವಲಿನಿಂದ ಬರುವ ಶುದ್ಧ ಗಾಳಿ ಬಟ್ಟಲನ್ನು ತೊಳೆಯಲು ಎಷ್ಟು ಹೊತ್ತು ಬೇಕು? 200 ಮಿಲಿಲೀಟರ್ ಬಟ್ಟಲಿಗೆ ಸೆಕೆಂಡಿಗೆ 50 ಮಿಲಿಲೀಟರ್ ಗಾಳಿ ಬಿದ್ದು ಚೆನ್ನಾಗಿ ಬೆರೆಯುತ್ತದೆಂದರೆ, ಇಪ್ಪತ್ತು ಸೆಕೆಂಡಿನಲ್ಲಿ ಹಳೆಯ ಗಾಳಿ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ, ಮೂವತ್ತು ಸೆಕೆಂಡಿನಲ್ಲಿ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲಿಗೆ ಬರುತ್ತದೆ. ಮೂಗು ನೂರರಲ್ಲಿ ಒಂದು ಪಾಲನ್ನೂ ಹಿಡಿಯಬಲ್ಲದಾದ್ದರಿಂದ ಮೂವತ್ತನ್ನೇ ಇಟ್ಟುಕೊಳ್ಳಬೇಕು. ಗಾಜಿಗೆ ಅಂಟಿದ ತಳದ ಘಮ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಮದ್ದು ಒಂದೇ: ಬಟ್ಟಲು ಕೈಯಿಂದ ಎತ್ತಿ ತೆಗೆಯುವಂತಿದ್ದು, ತೊಳೆದ ಎರಡು ಮೂರು ಬಟ್ಟಲುಗಳು ಪಕ್ಕದಲ್ಲೇ ಸಿದ್ಧವಿರಬೇಕು.

ವಿದ್ಯುತ್ತು ಮತ್ತು ನಿಯಂತ್ರಣ

ಈ ಭಾಗದಲ್ಲಿ ಕಷ್ಟವೇನಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಓಡಾಡಿದರೆ ಬೇಕಾದದ್ದೆಲ್ಲ ಸಿಗುತ್ತದೆ: ತಂತ್ರಾಂಶ ನಡೆಸುವ ಪುಟ್ಟ ಕಂಪ್ಯೂಟರಾದ ಇಎಸ್‌ಪಿ32 ಬೋರ್ಡು, ವಿದ್ಯುತ್ತು ಪೂರೈಸುವ 12 ವೋಲ್ಟ್ 5 ಆಂಪಿಯರಿನ ಎಸ್‌ಎಂಪಿಎಸ್, ಪ್ರತಿ ವಾಲ್ವಿಗೆ ಒಂದರಂತೆ ಕಿಡಿಯಿಲ್ಲದ ಸ್ವಿಚ್ಚಾಗಿ ಕೆಲಸ ಮಾಡುವ ಲಾಜಿಕ್ ಲೆವೆಲ್ ಮಾಸ್ಫೆಟ್ ಮತ್ತು ವಾಲ್ವು ಆರಿದಾಗ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ನುಂಗುವ ಡಯೋಡು. ಹದಿಮೂರು ವಾಲ್ವುಗಳಿಗೆ ಬೋರ್ಡಿನ ಕಾಲುಗಳು ಸಾಲದೆ ಬಂದರೆ, ಕೆಲವೇ ಕಾಲುಗಳಿಂದ ಹಲವು ವಾಲ್ವುಗಳನ್ನು ನಡೆಸಲು ಬಿಡುವ ಶಿಫ್ಟ್ ರಿಜಿಸ್ಟರ್ ಎಂಬ ಚಿಪ್ಪನ್ನು ಬಳಸಬಹುದು. ರಿಲೇ ಬೇಡ. ವಿದ್ಯುತ್ತು ಹೋದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಗೆಯ ವಾಲ್ವುಗಳನ್ನೇ ಕೊಳ್ಳಬೇಕು. ಆಗ ಕರೆಂಟು ಹೋಗಿ ಬಂದರೂ ಕೊಳವೆಗಳು ಗಾಳಿಗೆ ತೆರೆದಿರುವುದಿಲ್ಲ.

ತಂತ್ರಾಂಶಕ್ಕೆ ಹೇಳಬೇಕಾದ ಕ್ರಮವೂ ಚಿಕ್ಕದು. ಗುಂಡಿ ಒತ್ತಿದಾಗ ಮೊದಲು ಫ್ಯಾನು ನಿಧಾನ ವೇಗದಲ್ಲಿ ಓಡುತ್ತಿದೆಯೆಂದು ಅದರ ವೇಗಸೂಚಕ ತಂತಿಯಿಂದ ಖಚಿತಪಡಿಸಿಕೊಳ್ಳಬೇಕು. ಓಡದಿದ್ದರೆ ಮುಂದೆ ಹೋಗಬಾರದು. ಆಮೇಲೆ ಆರಿಸಿದ ವಾಲ್ವು ತೆರೆದು ಪಂಪು ನಾಲ್ಕು ಸೆಕೆಂಡು ಓಡಬೇಕು. ಹಸಿರು ದೀಪ ಹತ್ತಿ ಐದು ಸೆಕೆಂಡು ಮೂಸಲು ಅವಕಾಶ. ಅನಂತರ ಖಾಲಿ ಕವಲು ತೆರೆದು, ಪಂಪು ಮತ್ತು ಫ್ಯಾನು ಪೂರ್ತಿ ವೇಗದಲ್ಲಿ ಮೂವತ್ತು ಸೆಕೆಂಡು. ಅಷ್ಟು ಹೊತ್ತು ಬೇರೆ ಯಾವ ಗುಂಡಿಯೂ ಕೆಲಸ ಮಾಡಬಾರದು. ಪ್ರತಿ ‘ಈಗ’ ಕೊಳವೆಯ ಊದುಗಳನ್ನು ಎಣಿಸಿ, ಮೂವತ್ತು ಮುಟ್ಟಿದ ಕೊಳವೆಯನ್ನು ಬದಲಿಸುವವರೆಗೆ ಬಂದ್ ಮಾಡುವ ಅಧಿಕಾರವನ್ನು ತಂತ್ರಾಂಶಕ್ಕೇ ಕೊಡಿ. ಅಂಗಡಿಯವರು ಇದಕ್ಕೆ ಗೊಣಗುತ್ತಾರೆ, ಗೊಣಗಲಿ.

ಗಿರಾಕಿಯ ಮುಂದೆ

ಟಚ್ ಸ್ಕ್ರೀನಿಗಿಂತ ದೊಡ್ಡ ಗುಂಡಿಗಳು ಒಳ್ಳೆಯವು. ಒಬ್ಬರು ಮೂಸಿದ ಬಟ್ಟಲನ್ನು ಇನ್ನೊಬ್ಬರ ಮೂಗು ತಾಕದಂತೆ, ಅಂಚಿನಿಂದ ಎರಡು ಬೆರಳು ಮೇಲೆ ತಂತಿಯ ಬಳೆಯೊಂದನ್ನು ಇಡಬೇಕು.

ಸುಗಂಧಗಳ ಹೆಸರು, ಬೆಲೆ, ಬಾಟಲಿಯ ಚಿತ್ರ ಇವನ್ನು ಮೂಸುವ ಮೊದಲು ತೋರಿಸಬಾರದು. ದುಬಾರಿಯೆಂದು ಗೊತ್ತಾದ ಮೇಲೆ ಮೂಗು ನಿಷ್ಪಕ್ಷಪಾತಿಯಾಗಿ ಉಳಿಯುವುದಿಲ್ಲ. ಗುಂಡಿಯ ಮೇಲೆ ಸಂಖ್ಯೆ ಸಾಕು. ಗಿರಾಕಿ ಮೆಚ್ಚಿದ್ದನ್ನು ಗುರುತಿಸಿದ ಬಳಿಕ ವಿವರ ಕಾಣಿಸಲಿ. ಆ ವಿವರವೂ ನಮ್ಮ ಗಿರಾಕಿ ಬಲ್ಲ ಮಾತಿನಲ್ಲಿರಬೇಕು. ‘ಉಲ್ಲಾಸದಾಯಕ’, ‘ಮೋಹಕ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಕಿತ್ತಳೆ ಸಿಪ್ಪೆ, ಒಳಗೆ ಸಂಪಿಗೆ, ಕೊನೆಗೆ ಒದ್ದೆ ಲಾವಂಚ’ ಎಂದರೆ ಕೇದಗೆ, ಸಂಪಿಗೆಗಳ ನಡುವೆ ಬೆಳೆದವರಿಗೆ ತಕ್ಷಣ ಅರ್ಥವಾಗುತ್ತದೆ. ಅಲರ್ಜಿ ತರಬಲ್ಲ ಘಟಕಗಳ ಪಟ್ಟಿ ತಯಾರಕರಿಂದ ಸಿಕ್ಕರೆ ಅದನ್ನೂ ಇಲ್ಲೇ ತೋರಿಸಬೇಕು. ಆಸ್ತಮಾ ಇರುವವರು, ಗರ್ಭಿಣಿಯರು ಕಟುವಾಸನೆಯಿಂದ ತೊಂದರೆಪಡಬಹುದೆಂಬ ಸೂಚನೆ ಮೊದಲ ಗುಂಡಿಯ ಮೇಲೆಯೇ ಕಾಣುವಂತಿರಲಿ.

ನಾಲ್ಕು ಸುಗಂಧಗಳಾದ ಮೇಲೆ ಸಾಧನ ಒಂದೆರಡು ನಿಮಿಷ ವಿರಾಮ ಹೇಳಬೇಕು. ಈ ವಿರಾಮದಲ್ಲಿ ಮೂಸಲು ಕಾಫಿ ಬೀಜದ ಬಟ್ಟಲು ಇಡುವ ಪದ್ಧತಿ ಎಲ್ಲೆಡೆ ಇದೆ. ಬರಿಯ ಗಾಳಿಗಿಂತ ಕಾಫಿ ಬೀಜ ಹೆಚ್ಚೇನೂ ಮಾಡುವುದಿಲ್ಲವೆಂದು ಪ್ರಯೋಗದಲ್ಲಿ ಕಂಡುಬಂದಿದೆ. ಕೊಡಗು, ಚಿಕ್ಕಮಗಳೂರಿನವರು ಬೇಸರಪಟ್ಟುಕೊಳ್ಳಬಾರದು. ಖಾಲಿ ಕವಲಿನ ಗಾಳಿಯನ್ನೋ ತಮ್ಮದೇ ಅಂಗಿಯ ತೋಳನ್ನೋ ಮೂಸಿದರೆ ಸಾಕು.

ಆಯ್ಕೆ ಮುಗಿದ ಮೇಲೆ ಮೆಚ್ಚಿದ ಒಂದೆರಡನ್ನು ಕೌಂಟರಿನಲ್ಲಿ ಎರಡು ಮಣಿಕಟ್ಟುಗಳಿಗೆ ಹಚ್ಚಿ, ಕೊಳ್ಳದೆಯೇ ಹೋಗಿ ಸಂಜೆ ಬನ್ನಿ ಎಂದು ಹೇಳುವ ಧೈರ್ಯ ಅಂಗಡಿಗೆ ಇರಬೇಕು. ಇಲ್ಲದಿದ್ದರೆ ಈ ಸಾಧನ ಬರೀ ಆಕರ್ಷಣೆಯ ವಸ್ತುವಾಗುತ್ತದೆ.

ಸಾಧನವನ್ನೇ ಪರೀಕ್ಷಿಸುವುದು

ಮಾಡಿದವರ ಮೂಗನ್ನು ನಂಬಬಾರದು. ವಾರಗಟ್ಟಲೆ ಅದೇ ವಾಸನೆಯಲ್ಲಿ ಕುಳಿತ ಮೂಗು ಅದು. ಆಹಾರೋದ್ಯಮದಲ್ಲಿ ಬಳಕೆಯಲ್ಲಿರುವ ತ್ರಿಕೋನ ಪರೀಕ್ಷೆ ಇಲ್ಲಿಗೂ ಹೊಂದುತ್ತದೆ. ಲಾವಂಚವನ್ನು ಊದಿ ಮೂವತ್ತು ಸೆಕೆಂಡು ತೊಳೆದ ಬಟ್ಟಲು ಒಂದು, ಸುಗಂಧವನ್ನೇ ಕಾಣದ ಬಟ್ಟಲುಗಳು ಎರಡು. ಮೂರನ್ನೂ ಒಂದೇ ರೀತಿ ಕಾಣುವಂತೆ ಇಟ್ಟು, ಬೇರೆಯದನ್ನು ಹುಡುಕಲು ಹೊಸಬರಿಗೆ ಹೇಳಿ. ಒಬ್ಬರಿಂದ ಒಬ್ಬರಿಗೆ ಜಾಗ ಬದಲಾಗುತ್ತಿರಲಿ, ಪ್ರತಿಯೊಬ್ಬರಿಗೂ ಹೊಸದಾಗಿ ತಯಾರಾದ ಬಟ್ಟಲು ಇರಲಿ. ಊಹೆಯಿಂದಲೇ ಮೂವರಲ್ಲಿ ಒಬ್ಬರು ಸರಿಯಾಗಿ ಹೇಳುತ್ತಾರೆ. ಹದಿನೆಂಟು ಜನರಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಸರಿಯಾಗಿ ಗುರುತಿಸಿದರೆ ಅದನ್ನು ಊಹೆಯೆಂದು ತಳ್ಳಿಹಾಕಲಾಗದು, ಬಟ್ಟಲಿನಲ್ಲಿ ವಾಸನೆ ಉಳಿದಿದೆ ಎಂದೇ ಅರ್ಥ. ಹತ್ತಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಏನೂ ಉಳಿದಿಲ್ಲವೆಂದು ಸಾಬೀತಾಗುವುದಿಲ್ಲ. ಆ ಭರವಸೆ ಬೇಕಾದರೆ ಇನ್ನೂ ಬಹಳ ಜನ ಬೇಕು.

ಪರೀಕ್ಷೆಗೆ ಲಾವಂಚ, ಪಚೋಲಿಯಂಥ ಹಠಮಾರಿ ತಳದ ಘಮಗಳನ್ನೇ ಆರಿಸಬೇಕು. ನಿಂಬೆಯಿಂದ ಪರೀಕ್ಷಿಸಿದರೆ ಎಂಥ ಸಾಧನವೂ ಪಾಸಾಗುತ್ತದೆ. ವಿಫಲವಾದರೆ ತೊಳೆಯುವ ಹೊತ್ತನ್ನು ಹೆಚ್ಚಿಸುವ ಮೊದಲು ಬಟ್ಟಲನ್ನು ಬದಲಿಸಿ ನೋಡಿ: ಹೊಸ ಬಟ್ಟಲಿನಲ್ಲಿ ವಾಸನೆ ಇಲ್ಲದಿದ್ದರೆ ತಪ್ಪು ಗಾಜಿಗೆ ಅಂಟಿದ ಪದರದ್ದು, ಇದ್ದರೆ ಯಾವುದೋ ಚೆಕ್ ವಾಲ್ವು ಸರಿಯಾಗಿ ಮುಚ್ಚಿಕೊಳ್ಳದೆ ಕೊಳವೆಯ ಆವಿ ತಾನಾಗಿ ಜಿನುಗುತ್ತಿದೆ. ಅಂಥ ಕೊಳವೆಯನ್ನು ಹಿಡಿಯಲು ಒಂದೊಂದಾಗಿ ಕಳಚಿ ಬಿರಡೆ ಹಾಕುತ್ತ ಬರುವುದೇ ದಾರಿ.

ಕಾಗದದ ಪಟ್ಟಿಯ ವಾಸನೆಗೂ ಸಾಧನದ ವಾಸನೆಗೂ ಹೋಲಿಕೆ ಇದೆಯೇ ಎಂಬುದನ್ನು ಇಂಥ ಪರೀಕ್ಷೆಗಿಂತ ಮಾತಿನಲ್ಲಿ ಕೇಳಿ ತಿಳಿಯುವುದು ಪ್ರಯೋಜನಕರ. ಎರಡನ್ನೂ ಮೂಸಿದವರು ‘ಇದರಲ್ಲಿ ಹೂವು ಕಡಿಮೆ’ ಎಂದರೆ ಕಾಗದದ ಸುರುಳಿ ಬಿಗಿಯಾಗಿದ್ದು ಗಾಳಿ ಒಂದೇ ಬದಿಯಿಂದ ನುಸುಳುತ್ತಿರಬಹುದು. ‘ಘಾಟು’ ಎಂದರೆ ಆಲ್ಕೋಹಾಲ್ ಉಳಿದಿದೆ.

ಅಂಗಡಿಯಲ್ಲಿ ಇಟ್ಟ ಮೇಲೆ

ಸೀಲಿಂಗ್ ಫ್ಯಾನಿನ ಕೆಳಗೆ, ಎಸಿಯ ಗಾಳಿ ನೇರ ಬೀಳುವಲ್ಲಿ, ಬಿಸಿಲು ಬೀಳುವ ಕಿಟಕಿಯ ಬಳಿ ಸಾಧನವನ್ನು ಇಡಬಾರದು. ಅಗರಬತ್ತಿಯನ್ನೂ ಮಾರುವ ಅಂಗಡಿಯಾದರೆ ಬತ್ತಿಯ ಕಪಾಟಿಗೂ ಇದಕ್ಕೂ ಆದಷ್ಟು ದೂರವಿರಲಿ. ಬೆಳಗಿನ ಪೂಜೆಗೆ ಹಚ್ಚಿದ ಊದುಬತ್ತಿಯ ಹೊಗೆ ಪೂರ್ತಿ ಇಳಿದ ಮೇಲೆಯೇ ಸ್ವಿಚ್ ಹಾಕಬೇಕು, ಇಲ್ಲದಿದ್ದರೆ ಒಳಗೆ ಬರುವ ಗಾಳಿಯ ಇದ್ದಿಲು ಬೇಗನೆ ಸೋಲುತ್ತದೆ.

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಖಾಲಿ ಕವಲನ್ನು ಒತ್ತಿ, ಇನ್ನೂ ಏನನ್ನೂ ಮೂಸದ ಯಾರಾದರೂ ಒಬ್ಬರಿಗೆ ಬಟ್ಟಲು ತೋರಿಸಬೇಕು. ಅವರಿಗೆ ಯಾವುದಾದರೂ ವಾಸನೆ ಬಂದರೆ ಇದ್ದಿಲು ಬದಲಿಸುವ ದಿನ ಬಂದಿದೆ, ಇಲ್ಲವೇ ಬಟ್ಟಲು ಸರಿಯಾಗಿ ತೊಳೆದಿಲ್ಲ. ಬಟ್ಟಲುಗಳನ್ನು ಪರಿಮಳವಿಲ್ಲದ ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸದೆ ಬೋರಲು ಹಾಕಿ ಒಣಗಿಸಬೇಕು. ಒರೆಸುವ ಬಟ್ಟೆಯಲ್ಲಿ ಬಟ್ಟೆ ಸೋಪಿನ ಪರಿಮಳ ಇದ್ದೇ ಇರುತ್ತದೆ.

ಕೊಳವೆಗಳ ಮೇಲೆ ತುಂಬಿದ ದಿನಾಂಕ ಬರೆಯಬೇಕು. ಊದಿನ ಎಣಿಕೆ ಮೂವತ್ತು ಮುಟ್ಟದಿದ್ದರೂ ‘ಈಗ’ ಕೊಳವೆಯನ್ನು ವಾರಕ್ಕೊಮ್ಮೆ ಬದಲಿಸುವುದು ಕ್ಷೇಮ. ‘ಆರು ಗಂಟೆಯ ನಂತರ’ ಕೊಳವೆ ಅದಕ್ಕಿಂತ ಹೆಚ್ಚು ದಿನ ತಡೆಯುತ್ತದೆ. ಇದ್ದಿಲಿನ ವಿಷಯದಲ್ಲಿ ಊರಿಗೆ ತಕ್ಕ ಲೆಕ್ಕ ಬೇಕು. ಗಾಳಿಯ ತೇವ ಹೆಚ್ಚಾದಾಗ ಇದ್ದಿಲಿನ ರಂಧ್ರಗಳಲ್ಲಿ ನೀರಿನ ಆವಿ ಸೇರಿಕೊಂಡು ಪರಿಮಳಕ್ಕೆ ಜಾಗ ಕಡಿಮೆಯಾಗುತ್ತದೆ. ಕಲಬುರಗಿಯ ಒಣ ಬೇಸಗೆಯಲ್ಲಿ ನಿರಾಳವಾಗಿ ನಡೆಯುವ ಹಾಸು ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಅಷ್ಟು ದಿನ ಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಅಂಗಡಿಗಳು ಬದಲಿ ಇದ್ದಿಲನ್ನು ಗಾಳಿಯಾಡದ ಡಬ್ಬಿಯಲ್ಲಿ ಮೊದಲೇ ತಂದಿಟ್ಟುಕೊಂಡಿರಬೇಕು, ಬೆಳಗಿನ ಖಾಲಿ ಕವಲಿನ ಪರೀಕ್ಷೆಯನ್ನು ಆ ತಿಂಗಳುಗಳಲ್ಲಿ ಮಧ್ಯಾಹ್ನವೂ ಒಮ್ಮೆ ಮಾಡಬೇಕು.